ಗೋವಿನಜೋಳಕ್ಕ ಎಲಿ ಮ್ಯಾಲ ಗೊಬ್ಬರ: ಏನು, ಎಷ್ಟು, ಯಾವಾಗ ಹೊಡೀಬೇಕು, ಹೊಡದ್ರ ಏನ್ ಸಿಗತೈತಿ

ಪುಣೆ ಹತ್ರದ ಭೋಸರಿಯೊಳಗ ಐತ್ವಾರಕ್ಕೊಮ್ಮೆ ನಾವು ನಾಕೈದ್ ಮಂದಿ ಕನ್ನಡದವ್ರು ಚಾ ಕುಡಿಲಿಕ್ಕ ಕೂಡತೀವಿ, ಫ್ಯಾಕ್ಟರಿ ಸುದ್ದಿ ಮುಗದ ಮ್ಯಾಲ ಮಾತು ಹೊಳ್ಳಿ ಹೊಲಕ್ಕ ಬಂದ ಬರತೈತಿ. ಒಬ್ಬಂದು ರಾಣೇಬೆನ್ನೂರ ಕಡೆ ಹೊಲ, ಒಬ್ಬಂದು ಇಂಡಿ ಕಡೆ, ನಂದು ಹಾವೇರಿ ಹತ್ರ ಅಪ್ಪನ ಕೈಯಾಗಿಂದು ಮತ್ತ ಇಲ್ಲೆ ಶಿರೂರ ತಾಲೂಕಿನ್ಯಾಗ ಲಾವಣಿಗೆ ಹಿಡಿದ ಮೂರೆಕರೆ. ಜುಲೈ ಬಂತಂದ್ರ ಎಲ್ಲಾರ ಬಾಯಾಗೂ ಒಂದ ಪ್ರಶ್ನೆ, "ಕಾಕಾ, ಗೋವಿನಜೋಳಕ್ಕ 19:19:19 ಹೊಡಿ ಅಂತಾನ ಅಂಗಡಿಯಂವ, ಹೊಡೀಲೇನು?" (19:19:19 ಅಂದ್ರ ಸಾರಜನಕ, ರಂಜಕ, ಪೊಟ್ಯಾಶ್ ಮೂರೂ 19 ಪರ್ಸೆಂಟಿನಂಗ ಇರೂ, ನೀರಾಗ ಕರಗೂ ಗೊಬ್ಬರ.) ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋವ್ ಬಂದೈತಿ, ಅದಕ್ಕ ಒಮ್ಮೆ ಎಲ್ಲಾ ಬರದಬಿಡತೇನಿ. ಮೈಸೂರ ಕಡೆಯವ್ರು ಮುಸುಕಿನ ಜೋಳ ಅಂತೀರಿ, ಪುಸ್ತಕದಾಗ ಮೆಕ್ಕೆಜೋಳ, ಇಲ್ಲೆ ಪುಣೆದಾಗ ಮಕಾ, ಎಲ್ಲಾ ಒಂದ, ತಲಿ ಕೆಡಸ್ಕೋಬ್ಯಾಡ್ರಿ.

ಪಂಪು ಹೆಗಲಿಗೆ ಹಾಕೂಕಿಂತ ಮೊದ್ಲ ಒಂದ್ ಲೆಕ್ಕ

ಇದನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ, ಉಳಿದದ್ದೆಲ್ಲಾ ಇದರ ಮ್ಯಾಲ ನಿಂತೈತಿ.

ಗೋವಿನಜೋಳಕ್ಕ ಹೆಕ್ಟೇರಿಗೆ 120ರಿಂದ 150 ಕೆಜಿ ಸಾರಜನಕ ಕೊಡ್ರಿ ಅಂತಾರ, ಅಂದ್ರ ಎಕರೆಕ್ಕ 48ರಿಂದ 60 ಕೆಜಿ. ಈಗ ನೀವು 2 ಪರ್ಸೆಂಟ್ ಯೂರಿಯಾ ನೀರು ಮಾಡಿ ಎಕರೆಕ್ಕ 200 ಲೀಟರ್ ಹೊಡದ್ರಿ ಅಂತ ತಿಳೀರಿ, ಅದರಾಗ ಇರೂ ಯೂರಿಯಾ 4 ಕೆಜಿ, ಯೂರಿಯಾದಾಗ ಸಾರಜನಕ 46 ಪರ್ಸೆಂಟ್, ಹಂಗಾದ್ರ ಬೆಳಿಗೆ ಹೋಗಿದ್ದು 1.84 ಕೆಜಿ, ಅದೂ ಒಂದ್ ಹನಿನೂ ನೆಲಕ್ಕ ಬೀಳಲಿಲ್ಲಂದ್ರ. 48 ಕೆಜಿ ಬೇಕಿದ್ದಲ್ಲೆ ಎರಡು ಕೆಜಿನೂ ಆಗಲಿಲ್ಲ. 19:19:19 ಅಂದ್ರ ಇನ್ನೂ ಕಡಿಮಿ, 1 ಪರ್ಸೆಂಟಿನಂಗ 2 ಕೆಜಿ ಹೊಡದ್ರ ಸಾರಜನಕ 380 ಗ್ರಾಂ, ರಂಜಕ 380, ಪೊಟ್ಯಾಶ್ 380. ಮುಗೀತು. ಮೊದ್ಲ ಬಂದ 4 ಪರ್ಸೆಂಟಿನ ನ್ಯಾನೋ ಯೂರಿಯಾ ಬಾಟ್ಲಿ ಇತ್ತಲ್ಲ ಅರ್ಧ ಲೀಟರಿಂದು, ಅದರಾಗ ಸಾರಜನಕ 20 ಗ್ರಾಂ. ಕೆಜಿ ಅಲ್ಲ, ಗ್ರಾಂ. 45 ಕೆಜಿ ಯೂರಿಯಾ ಚೀಲದಾಗ 20 ಕೆಜಿ ಮ್ಯಾಲ ಇರತೈತಿ. ಈಗ 20 ಪರ್ಸೆಂಟಿಂದು ಬಂದೈತಿ ಅಂದ್ರೂ ಬಾಟ್ಲಿಗೆ 100 ಗ್ರಾಂ ಆತು ಅಷ್ಟ. ಲುಧಿಯಾನಾದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವ್ರು ಭತ್ತ ಗೋಧಿಯೊಳಗ ಎರಡು ವರ್ಷ, ಅರ್ಧ ಸಾರಜನಕ ನೆಲಕ್ಕ ಕೊಡೂದು ಬಿಟ್ಟು ಅದರ ಬದ್ಲಿ ನ್ಯಾನೋ ಹೊಡದು ನೋಡಿದ್ರು, ಇಳುವರಿನೂ ಇಳೀತು, ಕಾಳಿನ ಪ್ರೋಟೀನೂ ಇಳೀತು. ಗೋವಿನಜೋಳ ಅವೆರಡಕ್ಕಿಂತ ಹೊಟ್ಟಿಬಾಕ ಬೆಳಿ, ಹಂಗಿದ್ದಾಗ ಇಲ್ಲೆ ಬ್ಯಾರೆ ಆಗತೈತಿ ಅಂತ ನಂಬೂದು ಹೆಂಗ?

ಈಗ ಇದ ಲೆಕ್ಕಾನ ಜಿಂಕಿಗೆ ಹಾಕಿ ನೋಡ್ರಿ. ಒಂದ್ ಎಕರೆ ಬೆಳಿ ಬಿತ್ತಿದಾಗಿಂದ ಕೊಯ್ಯೂತನಾ ತಗೊಳ್ಳೂ ಜಿಂಕ್ ನೂರಿನ್ನೂರು ಗ್ರಾಂ. ಸಾದಾ ಜಿಂಕ್ ಸಲ್ಫೇಟಿನ್ಯಾಗ ಜಿಂಕ್ 21 ಪರ್ಸೆಂಟ್, 0.5 ಪರ್ಸೆಂಟ್ ನೀರು 200 ಲೀಟರ್ ಹೊಡದ್ರ ಒಂದ್ ಕೆಜಿ ಸಲ್ಫೇಟ್, ಅದರಾಗ 210 ಗ್ರಾಂ ಜಿಂಕ್. ಅಂದ್ರ ಒಂದ ಸಲಕ್ಕ ಇಡೀ ಬೆಳಿಗೆ ಬೇಕಾದಷ್ಟು ಎಲಿ ಮ್ಯಾಲ ಬಿತ್ತು, ಎಲ್ಲಾ ಒಳಗ ಹೋಗೂದಿಲ್ಲ ಖರೆ, ಆದ್ರೂ ಫರಕ್ ನೋಡ್ರಿ.

ನಾ ಹೇಳೂದು ಇಷ್ಟ, ಎಲಿ ಮ್ಯಾಲ ಹೊಡಿಯೂದು ಉಪ್ಪಿನಕಾಯಿ ಇದ್ದಂಗ, ರೊಟ್ಟಿ ಆಗೂದಿಲ್ಲ. ಜಿಂಕ್, ಕಬ್ಬಿಣ, ಬೋರಾನ್ ಇಂಥಾವು ಚಿಟಿಕಿ ಲೆಕ್ಕದಾಗ ಬೇಕಾದವು ಎಲಿಯಿಂದ ಪೂರೈಸಬಹುದು. ಸಾರಜನಕ ರಂಜಕ ಪೊಟ್ಯಾಶ್ ಬೇರಿನಿಂದನ ಹೋಗಬೇಕು, ಎಲಿಯಿಂದ ಕೊಡೂದು ಕಷ್ಟಕಾಲಕ್ಕ ಮಾತ್ರ.

ಹೆಜ್ಜೆ 1: ಹೊಲದಾಗ ಏನ್ ಕಡಿಮಿ ಐತಿ ಅಂತ ನೋಡ್ರಿ

ಮಣ್ಣು ಪರೀಕ್ಷೆ ಅಂದಕೂಡ್ಲೆ ಮಂದಿ ಮಾರಿ ಹೊಳ್ಳಸ್ತಾರ, ಆದ್ರ ಕುರುಡುಗಣ್ಣೀಲೆ ಹೊಡಿಯೂ ಗೊಬ್ಬರದ ರೊಕ್ಕಕ್ಕಿಂತ ಅದು ಸಸ್ತಾ. ಏಪ್ರಿಲ್ ಮೇದಾಗ ಹೊಲ ಖಾಲಿ ಇದ್ದಾಗ ಎಂಟ್ಹತ್ತು ಕಡೆ ಒಂದ್ ಗೇಣು ತಗ್ಗು ತೋಡಿ ಮಣ್ಣು ತಗೀರಿ, ಬದುವಿನ ಹತ್ರ, ಗಿಡದ ಬುಡಕ್ಕ, ತಿಪ್ಪಿ ಹಾಕಿದ್ದಲ್ಲೆ ಬ್ಯಾಡ. ಎಲ್ಲಾ ಕಲಸಿ, ನಾಕ್ ಪಾಲು ಮಾಡಿ ಎದುರಾ ಬದುರಾ ಎರಡು ಪಾಲು ಚೆಲ್ಲಿ, ಕಡೀಕ ಅರ್ಧ ಕೆಜಿ ಉಳಿಸ್ರಿ. ಜಿಂಕ್ ಲೇಪನದ ತಗಡಿನ ಬಕೆಟ್ಟಿನ್ಯಾಗ ಮಾತ್ರ ಕಲಸಬ್ಯಾಡ್ರಿ, ಬಕೆಟ್ಟಿನ ಜಿಂಕ್ ರಿಪೋರ್ಟಿನ್ಯಾಗ ಬರತೈತಿ! ಪ್ಲಾಸ್ಟಿಕ್ ಬುಟ್ಟಿ ಸಾಕು. ಪುಣೆ ಜಿಲ್ಲಾದಾಗ ಬಾರಾಮತಿ, ನಾರಾಯಣಗಾಂವ್ ಎರಡೂ ಕಡೆ ಕೃಷಿ ವಿಜ್ಞಾನ ಕೇಂದ್ರ ಅದಾವ, ನಮ್ಮ ಹಾವೇರಿಯವ್ರಿಗೆ ಹನುಮನಮಟ್ಟಿ ಐತಿ, ಅಲ್ಲೆ ಕೇಳ್ರಿ. ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಶ್) ಒಂದ ಅಲ್ಲ, ಜಿಂಕ್ ಕಬ್ಬಿಣದಂಥಾ ಲಘು ಪೋಷಕಾಂಶನೂ ನೋಡ್ರಿ ಅಂತ ಬಾಯಿಬಿಟ್ಟು ಹೇಳ್ಬೇಕು.

ರಿಪೋರ್ಟ್ ಬಂದ ಮ್ಯಾಲ ಈ ಅಂಕಿ ನೋಡ್ರಿ: ಜಿಂಕ್ 0.6 ಪಿಪಿಎಂಗಿಂತ ಕೆಳಗಿದ್ರ ಕೊರತಿ, ಕಬ್ಬಿಣ 4.5ಕ್ಕಿಂತ ಕೆಳಗ, ಮ್ಯಾಂಗನೀಸ್ 2ಕ್ಕಿಂತ ಕೆಳಗ, ಬೋರಾನ್ 0.5ಕ್ಕಿಂತ ಕೆಳಗ, ಗಂಧಕ 10ಕ್ಕಿಂತ ಕೆಳಗ. ಪಿಎಚ್ 8 ದಾಟಿ, ಮಣ್ಣಾಗ ಸುಣ್ಣದ ಹರಳು ಕಾಣ್ತಾವಂದ್ರ (ಇಲ್ಲೆ ಮರಾಠಿಯವ್ರು ಚುನಖಡಿ ಅಂತಾರ) ಜಿಂಕ್ ಕಬ್ಬಿಣ ಎರಡೂ ಮಣ್ಣಾಗ ಇದ್ರೂ ಬೇರಿಗೆ ಸಿಗೂದಿಲ್ಲ. ಇಂಥಾ ನೆಲದಾಗನ ಎಲಿ ಮ್ಯಾಲ ಹೊಡಿಯೂದು ಖರೇ ಉಪಯೋಗಕ್ಕ ಬರೂದು. ಡಿಎಪಿ ವರ್ಷಾ ವರ್ಷಾ ಬೇಕಾಬಿಟ್ಟಿ ಸುರುವಿದ ಹೊಲದಾಗೂ ಜಿಂಕ್ ಕೊರತಿ ಕಾಣತೈತಿ, ರಂಜಕ ಜಾಸ್ತಿ ಆದ್ರ ಜಿಂಕ್ ಎತ್ತಗೊಡೂದಿಲ್ಲ.

ಇನ್ನೊಂದ್, ಜಿಂಕ್ ಕೊರತಿ ಐತಂತ ಬಿತ್ತೂಕಿಂತ ಮೊದ್ಲ ಗೊತ್ತಾದ್ರ ಎಕರೆಕ್ಕ 10 ಕೆಜಿ ಜಿಂಕ್ ಸಲ್ಫೇಟ್ ನೆಲಕ್ಕ ಕೊಡೂದು ಹಳೇ ಪದ್ಧತಿ, ಅದು ಎರಡ್ಮೂರು ಬೆಳಿಗೆ ಬರತೈತಿ. ಸ್ಪ್ರೇ ಅನ್ನೂದು ಅದನ್ನ ಮರತವ್ರಿಗೆ, ಇಲ್ಲಾ ಸುಣ್ಣದ ನೆಲದವ್ರಿಗೆ.

ಹೆಜ್ಜೆ 2: ಎಲಿ ಓದಲಿಕ್ಕ ಕಲೀರಿ

ಮೊದ್ಲ ನೋಡೂದು ಹಳೇ ಎಲ್ಯಾಗ ಐತೋ ಹೊಸಾ ಎಲ್ಯಾಗ ಐತೋ ಅಂತ. ಸಾರಜನಕ, ಪೊಟ್ಯಾಶ್, ಮೆಗ್ನೀಸಿಯಂ ಇವು ಗಿಡದೊಳಗ ಓಡಾಡ್ತಾವ, ಕೊರತಿ ಬಿದ್ರ ಗಿಡ ಕೆಳಗಿನ ಎಲಿಯಿಂದ ಕಸಗೊಂಡು ಮ್ಯಾಲಿನ ಎಲಿಗೆ ಕೊಡತೈತಿ, ಅದಕ್ಕ ಕೆಳಗಿನ ಎಲಿ ಮೊದ್ಲ ಹಳದಿ. ಜಿಂಕ್, ಕಬ್ಬಿಣ, ಬೋರಾನ್ ಹಂಗ ಸರಳ ಓಡಾಡೂದಿಲ್ಲ, ಹೊಸಾ ಎಲ್ಯಾಗನ ಕೊರತಿ ಕಾಣತೈತಿ.

ಸಾರಜನಕ ಕಡಿಮಿ ಆದ್ರ ಕೆಳಗಿನ ಎಲಿ ತುದಿಯಿಂದ ನಡುವಿನ ನರದ ಗುಂಟ ಇಂಗ್ಲಿಷ್ ವಿ ಅಕ್ಷರದಂಗ ಹಳದಿ ಹಿಡೀತೈತಿ. ಪೊಟ್ಯಾಶ್ ಆದ್ರ ಕೆಳಗಿನ ಎಲಿ ಅಂಚು ಸುಟ್ಟಂಗ. ರಂಜಕ ಆದ್ರ ಎಳೇ ಸಸಿ ನೇರಳೆ ಬಣ್ಣ, ಆದ್ರ ಥಂಡಿ ಮಳ್ಯಾಗ ಬೇರು ಕೆಲಸಾ ಮಾಡದಾಗೂ ನೇರಳೆ ಆಗತೈತಿ, ಬಿಸಿಲು ಬಿದ್ದು ವಾರದಾಗ ಹೋದ್ರ ಅದು ಕೊರತಿ ಅಲ್ಲ. ಮೆಗ್ನೀಸಿಯಂ ಅಂದ್ರ ಹಳೇ ಎಲ್ಯಾಗ ನರಾ ಹಸರು, ನಡುವ ಬಿಳೀ ಗೆರಿ.

ಜಿಂಕ್ ಮಾತ್ರ ಒಮ್ಮೆ ನೋಡಿದ್ರ ಮರಿಯಂಗಿಲ್ಲ. ಬಿತ್ತಿ ಎರಡ್ಮೂರು ವಾರಕ್ಕ ಸುಳಿಯಿಂದ ಹೊರಗ ಬರೂ ಎಲಿ ಬುಡದ ಕಡೆ, ನಡುನರದ ಆಚೆ ಈಚೆ ಅಗಲಾಗಿ ಬಿಳೀ ಪಟ್ಟಿ, ನರಾ ಅಂಚು ಹಸರ ಇರತಾವ, ಗಿಡ ಗಿಡ್ಡಾಗಿ ಗೆಣ್ಣು ಹತ್ತಿರ ಹತ್ತಿರ ಬರತಾವ, ಜೋರಿದ್ರ ಸುಳೀನ ಬೆಳ್ಳಗ. ಕಬ್ಬಿಣ ಆದ್ರ ಹಂಗ ಅಗಲ ಪಟ್ಟಿ ಅಲ್ಲ, ಎಲಿ ಉದ್ದಕ್ಕೂ ಸಣ್ಣ ಸಣ್ಣ ಹಸರು ಹಳದಿ ಗೆರಿ, ರೂಲ್ ಹಾಕಿದ ನೋಟ್‌ಬುಕ್ಕಿನಂಗ. ಬೋರಾನ್ ಎಲ್ಯಾಗ ಹೇಳೂದು ಕಷ್ಟ, ತೆನ್ಯಾಗ ಗೊತ್ತಾಗತೈತಿ, ಕಾಳು ಅಲ್ಲೊಂದು ಇಲ್ಲೊಂದು ಕಟ್ಟಿರತಾವ, ಆದ್ರ ಸೂಲಂಗಿ (ಗಿಡದ ತುದಿಗೆ ಬರೂ ಗಂಡು ಹೂ) ಹೊತ್ನ್ಯಾಗ ನೀರಿನ ಬರಾ ಬಿದ್ರೂ ಹಂಗ ಆಗತೈತಿ, ಅದಕ್ಕ ಅದೊಂದರ ಮ್ಯಾಲ ತೀರ್ಮಾನ ಮಾಡಬ್ಯಾಡ್ರಿ.

ಫೋಟೋ ತಗದು ಅಂಗಡಿಗೆ ಹೋಗಿ ತೋರಸೂದು ಇರಲಿ, ಆದ್ರ ಏನ್ ಕೊರತಿ ಅಂತ ನೀವ ಮೊದ್ಲ ಒಂದ್ ಹೆಸರು ಇಟಗೊಂಡು ಹೋಗ್ರಿ. ಇಲ್ಲಾಂದ್ರ ಮೂರು ಬಣ್ಣದ ಮೂರು ಬಾಟ್ಲಿ ತಗೊಂಡು ಬರತೀರಿ. ನಾ ತಂದೇನಿ, ಅದಕ್ಕ ಹೇಳಾತೇನಿ.

ಹೆಜ್ಜೆ 3: ಯಾವ ಹೊತ್ನ್ಯಾಗ

ಇಳುವರಿ ಅನ್ನೂದು ಮೂರು ತುಣುಕಿನ್ಯಾಗ ತಯಾರಾಗತೈತಿ. ತೆನ್ಯಾಗ ಎಷ್ಟು ಸಾಲು ಕಾಳು ಅನ್ನೂದು ಗಿಡ ಮೊಣಕಾಲು ಎತ್ತರ ಇದ್ದಾಗನ, ಐದಾರರಿಂದ ಎಂಟು ಎಲಿ ಹೊತ್ತಿಗೆ ಗಟ್ಟಿ ಆಗಿಬಿಡತೈತಿ, ನಮ್ಮ ಮಳಿಗಾಲದಾಗ ಅದು ಬಿತ್ತಿ 25–30 ದಿವಸ. ಒಂದ್ ಸಾಲಿನ್ಯಾಗ ಎಷ್ಟು ಕಾಳು ಹಿಡಿಬಹುದು ಅನ್ನೂದು ಮೀಸೆ (ಅದ ರೇಷ್ಮಿ ಕೂದಲು) ಬರೂ ಒಂದ್ ವಾರದ ಹಿಂದಿನತನಾ. ಅದರಾಗ ಎಷ್ಟು ಕಾಳು ಉಳಿದು ತೂಕ ಹಿಡೀತಾವ ಅನ್ನೂದು ಮೀಸೆ ಬಂದ ಮ್ಯಾಲ. ಹಂಗಾಗಿ:

ಜಿಂಕ್ ಕಬ್ಬಿಣ ಹೊಡಿಯೂದಿದ್ರ ಮೊದ್ಲನೇ ಸಲ 20–25 ದಿವಸಕ್ಕ, ಎರಡನೇ ಸಲ ಅದಾಗಿ 10–15 ದಿವಸಕ್ಕ. ಎರಡು ಸಲ ಯಾಕಂದ್ರ ಮೊದ್ಲ ಹೊಡದದ್ದು ಆ ಎಲ್ಯಾಗನ ಕುಂದರತೈತಿ, ಆಮ್ಯಾಲ ಹುಟ್ಟಿದ ಎಲಿಗೆ ಜಾಸ್ತಿ ಹೋಗೂದಿಲ್ಲ. ಭಾಳ ಸಣ್ಣ ಸಸಿ ಇದ್ದಾಗ ಹೊಡದ್ರ ಎಲಿನ ಇರೂದಿಲ್ಲ, ಮುಕ್ಕಾಲು ಪಾಲು ನೆಲಕ್ಕ.

ಬೋರಾನ್ ಹೊಡಿಯೂದಿದ್ರ ಸೂಲಂಗಿ ಹೊರಗ ಬರೂಕಿಂತ ಮೊದ್ಲ, 40–45 ದಿವಸಕ್ಕ. ಸೂಲಂಗಿ ಬಂದು ಹೂಪುಡಿ ಉದರೂ ಹೊತ್ನ್ಯಾಗ ಯಾವದೂ ಹೊಡೀಬ್ಯಾಡ್ರಿ, ಪುಡಿ ತೊಯ್ದ್ರ ಕಾಳು ಕಟ್ಟೂದು ತಪ್ಪತೈತಿ, ಅದು ಒಂದ್ ವಾರದ ಮಾತು, ತಡೀರಿ.

ಮೀಸೆ ಒಣಗಿ ಕಂದು ಆದ ಮ್ಯಾಲ ಹೊಡಿಯೂದು ಕಾಳಿನ ಗುಣಕ್ಕ ಸಂಬಂಧ ಪಟ್ಟದ್ದು, ಅದನ್ನ ಕೆಳಗ ಹೇಳೇನಿ. ಅಷ್ಟೊತ್ತಿಗೆ ಬೆಳಿ ಆಳೆತ್ತರ ದಾಟಿರತೈತಿ, ಎಲಿ ಅಂಚು ಕೈ ಕೊಯ್ತಾವ, ಹೊಡಿಯವ್ರು ಸಿಗೂದೂ ಕಷ್ಟ ಅನ್ನೂದು ಮದ್ಲ ತಲ್ಯಾಗ ಇರಲಿ.

ಇನ್ನ ಕಷ್ಟಕಾಲ. ಎರಡು ಥರಾ. ಒಂದು ಮಳಿ ಹಿಡದು ಹೊಲದಾಗ ನೀರು ನಿಂತದ್ದು, ಬೇರಿಗೆ ಗಾಳಿ ಇಲ್ಲದ್ದಕ್ಕ, ಗೊಬ್ಬರ ಇದ್ದೂ ಎಳಕೊಳ್ಳೂದಿಲ್ಲ, ಎಲಿ ಹಳದಿ. ಆಗ ನೀರು ಬಸಿದು ಕಾಲುವಿ ತಗದು, 1 ಪರ್ಸೆಂಟ್ 19:19:19 ಇಲ್ಲಾ 2 ಪರ್ಸೆಂಟ್ ಯೂರಿಯಾ ಹೊಡದ್ರ ಬೇರು ಚೇತರಿಸ್ಕೊಳ್ಳೂತನಾ ಬೆಳಿ ಜೀವಾ ಹಿಡಕೊಳ್ಳತೈತಿ, ಯೂರಿಯಾ ಕಣ ಸಣ್ಣದು, ಕೆಲವ ತಾಸಿನ್ಯಾಗ ಎಲಿ ಒಳಗ ಹೋಗತೈತಿ, ರಂಜಕ ಪೊಟ್ಯಾಶ್ ನಿಧಾನ. ವಾಫ್ಸಾ ಬಂದ ಮ್ಯಾಲ, ಅಂದ್ರ ನೆಲಾ ಹದಕ್ಕ ಬಂದ ಮ್ಯಾಲ, ಮೇಲುಗೊಬ್ಬರ ಕೊಡಲಿಕ್ಕ ಬೇಕು, ಸ್ಪ್ರೇ ಆತಲ್ಲ ಅಂತ ಬಿಡಂಗಿಲ್ಲ. ಎರಡನೇದು ಮಳಿ ಕೈಕೊಟ್ಟದ್ದು. ಎಲಿ ಸುರುಳಿ ಸುತ್ತಿ ಈಟಿಯಂಗ ನಿಂತಾಗ ಹೊಡೀಬ್ಯಾಡ್ರಿ, ಬಾಯಿ ಮುಚ್ಚಿದ ಎಲಿ ಏನೂ ಕುಡಿಯೂದಿಲ್ಲ, ಸುಡತೈತಿ ಅಷ್ಟ. ಬರಾ ಶುರು ಆಗೂ ಮುಂದ, ಇಲ್ಲಾ ಒಂದ್ ಮಳಿ ಬಿದ್ದು ಎಲಿ ಬಿಚ್ಚಿಕೊಂಡ ಮ್ಯಾಲ 13:0:45 ಒಂದ್ ಪರ್ಸೆಂಟ್ ಹೊಡೀರಿ.

ಹೆಜ್ಜೆ 4: ಕಲಸೂದು

ಇಲ್ಲೆ ಭಾಳ ಮಂದಿ ಎಡವತಾರ, ನಾನೂ. 16 ಲೀಟರ್ ಪಂಪಿನ ಲೆಕ್ಕ ಹೇಳ್ತೇನಿ, 200 ಲೀಟರ್ ಅಂದ್ರ ಹನ್ನೆರಡೂವರೆ ಪಂಪು.

ಜಿಂಕ್ ಸಲ್ಫೇಟ್ 0.5 ಪರ್ಸೆಂಟ್: ಪಂಪಿಗೆ 80 ಗ್ರಾಂ, ಜೋಡಿ 40 ಗ್ರಾಂ ಸುಣ್ಣ. ಸುಣ್ಣ ಯಾಕಂದ್ರ ಬರೇ ಸಲ್ಫೇಟ್ ಹುಳಿ, ಎಲಿ ಸುಡತೈತಿ. ಸುಣ್ಣಾನ ಹಿಂದಿನ ದಿವಸ ಬ್ಯಾರೆ ನೀರಾಗ ನೆನಿಹಾಕಿ, ಮ್ಯಾಲಿನ ತಿಳಿ ಸೋಸಿ ಹಾಕ್ರಿ. ಈ ಲೆಕ್ಕ 21 ಪರ್ಸೆಂಟಿಂದು, 33 ಪರ್ಸೆಂಟಿಂದು ಬರತೈತಿ ಅದಾದ್ರ ಪಂಪಿಗೆ 50 ಗ್ರಾಂ ಸಾಕು. ಇಡಿಟಿಎ ಜಿಂಕ್ (12 ಪರ್ಸೆಂಟ್) ಆದ್ರ ಸುಣ್ಣ ಬ್ಯಾಡ, ಲೀಟರಿಗೆ ಒಂದ್ ಗ್ರಾಂ ಹಾಕಿ ಮುಗಸ್ರಿ, ತುಟ್ಟಿ ಆದ್ರೂ ರಗಳಿ ಇಲ್ಲ.

ಕಬ್ಬಿಣದ ಸಲ್ಫೇಟ್ 0.5 ಪರ್ಸೆಂಟ್: ಪಂಪಿಗೆ 80 ಗ್ರಾಂ, ಜೋಡಿ ನಿಂಬಿ ಉಪ್ಪು 16 ಗ್ರಾಂ, ನಿಂಬಿ ಉಪ್ಪು ಮೊದ್ಲ. ಪುಡಿ ತಿಳಿ ಹಸರು ಇರಬೇಕು, ತುಕ್ಕಿನ ಬಣ್ಣಕ್ಕ ತಿರಗಿದ್ರ ಕೆಟ್ಟೈತಿ ಅಂತ, ವಾಪಸ್ ಕೊಡ್ರಿ. ಕಲಸಿದ ನೀರು ನಾಳಿಗೆ ಇಡಬ್ಯಾಡ್ರಿ.

ಬೋರಾನ್ 20 ಪರ್ಸೆಂಟಿಂದು: ಲೀಟರಿಗೆ 1 ಗ್ರಾಂ, ಪಂಪಿಗೆ 16. ಇದರಾಗ ಕೈ ಜಾಸ್ತಿ ಆಗಬಾರದು, ಬೋರಾನ್ ಕೊರತಿಗೂ ವಿಷಕ್ಕೂ ನಡುವ ಅಂತರ ಭಾಳ ಕಡಿಮಿ. ಚಮಚಾ ಲೆಕ್ಕ ಬ್ಯಾಡ, ಅಡಗಿಮನಿ ಡಿಜಿಟಲ್ ತಕ್ಕಡಿ ತಗೊಂಡ್ ಹೋಗ್ರಿ, ಆಮ್ಯಾಲ ಮನ್ಯಾಗ ಬೈಸ್ಕೋರಿ.

ಯೂರಿಯಾ 2 ಪರ್ಸೆಂಟ್: ಪಂಪಿಗೆ 320 ಗ್ರಾಂ. ಈಗಿನ ಯೂರಿಯಾಕ್ಕ ಬೇವಿನೆಣ್ಣಿ ಸವರಿರತಾರ, ಕರಗಿಸಿ ಬಟ್ಟ್ಯಾಗ ಸೋಸ್ರಿ. ಯೂರಿಯಾದಾಗ ಬೈಯುರೆಟ್ ಅನ್ನೂದು ಒಂದಿಷ್ಟು ಇರತೈತಿ, ನೆಲಕ್ಕ ಹಾಕೂದಕ್ಕ 1.5 ಪರ್ಸೆಂಟ್ ತನಾ ಸರಕಾರದ ಒಪ್ಪಿಗಿ ಐತಿ, ಆದ್ರ ಎಲಿಗೆ ಅದು ಸುಡೂ ಮಾಲು, ಅದಕ್ಕ ಯೂರಿಯಾ ನೀರು 2 ಪರ್ಸೆಂಟ್ ದಾಟಬ್ಯಾಡ್ರಿ, ಪದೇ ಪದೇನೂ ಬ್ಯಾಡ.

ಈಗ ಕೂಡಿಸಿ ಹೊಡಿಯೂ ಮಾತು. ಮೂರು ವರ್ಷದ ಹಿಂದ ನಾ ಒಂದ ಖರ್ಚಿನ್ಯಾಗ ಆಗಲಿ ಅಂತ 12:61:0 ಹಾಕಿದ ನೀರಾಗ ಜಿಂಕ್ ಸಲ್ಫೇಟ್ ಸುರುವಿದೆ, ಹಾಲು ಒಡದಂಗ ಆತು ನೋಡ್ರಿ, ಬಿಳೀ ಚರಟ ತಳಕ್ಕ, ನಾಜಲ್ ಕಟ್ಟಿ, ಕೂಲಿಯವ್ರು ಮಾರಿ ಮಾರಿ ನೋಡ್ಕೊಂತ ನಿಂತ್ರು. ರಂಜಕ ಜಿಂಕ್ ಕೂಡಿ ಗಟ್ಟಿಯಾಗಿಬಿಡ್ತಾವ, ಆಮ್ಯಾಲ ಎರಡೂ ಬೆಳಿಗೆ ಇಲ್ಲ. ಹಂಗ ಕ್ಯಾಲ್ಸಿಯಂ ನೈಟ್ರೇಟ್ ಜೋಡಿ ಯಾವ ಸಲ್ಫೇಟೂ ಬ್ಯಾಡ, ಯಾವ ರಂಜಕದ ಗ್ರೇಡೂ ಬ್ಯಾಡ. ಯೂರಿಯಾ ಜಿಂಕ್ ನಡೀತೈತಿ. ಅನುಮಾನ ಇದ್ರ ಒಂದ್ ಗಾಜಿನ ಬಾಟ್ಲ್ಯಾಗ ಅದ ಪ್ರಮಾಣದಾಗ ಕಲಸಿ ಅರ್ಧ ತಾಸು ಇಡ್ರಿ, ಬಿಳಿ ಕುಂತ್ರ, ಬಿಸಿ ಆದ್ರ, ಮೊಸರಾದ್ರ ಪಂಪಿಗೆ ಹಾಕಬ್ಯಾಡ್ರಿ. ಬೋರಿನ ಗಡಸು ನೀರಾಗಂತೂ ಇದು ಕಡ್ಡಾಯ.

ಸೈನಿಕ ಹುಳದ ಔಷಧ ಜೋಡಿ ಕೂಡಸ್ಲೇನು ಅಂತ ಎಲ್ಲಾರೂ ಕೇಳತಾರ. 2018ರ ಮೇದಾಗ ಶಿವಮೊಗ್ಗದಾಗ ಮೊದ್ಲ ಕಂಡ ಆ ಹುಳ ಈಗ ಗೋವಿನಜೋಳ ಇದ್ದಲ್ಲೆಲ್ಲಾ ಐತಿ, ಔಷಧ ಸುಳಿ ಒಳಗ ಬೀಳೂಹಂಗ ಹೊಡೀತೀವಿ, ಅಲ್ಲೇ ತೊಂದರಿ: ಸುಳ್ಯಾಗ ನಿಂತ ಗೊಬ್ಬರದ ನೀರು ಬಿಸಲಿಗೆ ಆರಿ ಆರಿ ಉಪ್ಪು ದಪ್ಪಾಗಿ ಎಳೇ ಎಲಿ ಸುಡತೈತಿ. ಹುಳಕ್ಕ ಸುಳಿಗೆ, ಗೊಬ್ಬರ ಎಲಿಗೆ, ಎರಡು ಬ್ಯಾರೆ ದಿವಸ ಹೊಡೀರಿ ಅಂತ ನಾ ಹೇಳೂದು. ಕೂಲಿ ಎರಡು ಸಲ ಆಗತೈತಿ, ಗೊತ್ತೈತಿ.

ಹೆಜ್ಜೆ 5: ಹೊಡಿಯೂದು

ಬೆಳಿಗ್ಗೆ ಇಬ್ಬನಿ ಆರಿದ ಮ್ಯಾಲ ಒಂಬತ್ತರ ಒಳಗ, ಇಲ್ಲಾ ಸಂಜಿ ನಾಕೂವರಿ ಐದರ ಮ್ಯಾಲ. ಸಂಜೀನ ಚೊಲೊ, ಹನಿ ಲಗೂನ ಆರೂದಿಲ್ಲ, ನೀರಿನ ಪಸಿ ಇದ್ದಷ್ಟ ಹೊತ್ತು ಎಲಿ ಕುಡೀತೈತಿ, ಆರಿ ಉಪ್ಪಾದ ಮ್ಯಾಲ ನಿಂತುಬಿಡತೈತಿ. ಗೋವಿನಜೋಳದ ಎಲಿ ಮ್ಯಾಲ ಮೇಣ ಇರತೈತಿ, ಹನಿ ಉರಳಿ ಹೋಗತಾವ, ಅದಕ್ಕ ಹನಿ ಹರಡೂ ಸ್ಟಿಕ್ಕರ್ ಡಬ್ಬಿ ಮ್ಯಾಲ ಬರದಷ್ಟ ಹಾಕ್ರಿ. ಕಡೀಕ ಕಲಸೂದು ಅದನ್ನ, ಇಲ್ಲಾಂದ್ರ ಪಂಪು ತುಂಬ ನೊರಿ. ಹೊಡದು ನಾಕ್ ತಾಸಿನ ಒಳಗ ಮಳಿ ಬಂದ್ರ ತೊಳಕೊಂಡು ಹೋತು ಅಂತ ತಿಳೀರಿ. ಪುಣೆ ಕಡೆ ಜುಲೈದಾಗ ಆ ನಾಕ್ ತಾಸು ಸಿಗೂದು ಲಾಟ್ರಿ ಹೊಡದಂಗ, ಆಕಾಶ ನೋಡಿ ನೋಡಿ ಕುತಗಿ ನೋಯ್ತೈತಿ.

ಮೊದ್ಲ ಬರೇ ನೀರು ತುಂಬಿ ಒಂದ್ ಗುಂಟೆ ಹೊಡದು ಎಷ್ಟು ಖಾಲಿ ಆತು ನೋಡ್ರಿ, 40 ಪಟ್ಟು ಮಾಡಿದ್ರ ಎಕರೆ ಲೆಕ್ಕ ಸಿಗತೈತಿ. ನಿಮ್ಮ ನಡಿಗಿಗೆ 120 ಲೀಟರ್ ಬಂದ್ರ ಜಿಂಕ್ ಹೋಗೂದೂ ಅಷ್ಟ ಕಡಿಮಿ, ಅದಕ್ಕ ದಪ್ಪ ಕಲಸಬ್ಯಾಡ್ರಿ, ನಡಿಗಿ ನಿಧಾನ ಮಾಡ್ರಿ.

ಡ್ರೋನ್ ಬಂದಾವ ಈಗ. ಹೊಡದ್ದು ಚೊಲೊನ ಹೊಡೀತಾವ, ಬೆಳಿ ಎತ್ತರ ಆದಾಗಂತೂ ಅದ ಗತಿ, ಆದ್ರ ಅವು ಎಕರೆಕ್ಕ ಹತ್ತ ಲೀಟರ್ ನೀರು ಹಾಕತಾವ. 200 ಲೀಟರಿಗೆ ಹಾಕೂ 4 ಕೆಜಿ ಯೂರಿಯಾನ ಹತ್ತ ಲೀಟರಿಗೆ ಹಾಕಿದ್ರ ಅದು 40 ಪರ್ಸೆಂಟ್ ಆತು, ಎಲಿ ಉಳಿಯೂದಿಲ್ಲ. ಡ್ರೋನಿಗೆ ಅಂತನ ಡಬ್ಬಿ ಮ್ಯಾಲ ಪ್ರಮಾಣ ಬರದಿದ್ರ ಅಷ್ಟ ಹಾಕಿಸ್ರಿ, ಇಲ್ಲಾಂದ್ರ ಬ್ಯಾಡ.

ಹೆಜ್ಜೆ 6: ಕಾಳಿನ ಗುಣ ಖರೇನ ಬದಲ್ ಆಗತೈತೇನು

ಕಾಳಿನ್ಯಾಗ ಹತ್ತತ್ರ 70 ಪರ್ಸೆಂಟ್ ಪಿಷ್ಟ, 8ರಿಂದ 11 ಪ್ರೋಟೀನು, 4–5 ಎಣ್ಣಿ. ಪ್ರೋಟೀನು ಸಾರಜನಕದ ಮ್ಯಾಲ ನಿಂತೈತಿ, ಮೀಸೆ ಹೊತ್ನ್ಯಾಗ ಗಿಡ ಹಸರಾಗಿದ್ರ, ಕೆಳಗಿನ ಎಲಿ ಒಣಗದಿದ್ರ ತಾನ ಬರತೈತಿ. ಮೀಸೆ ಒಣಗಿ ಕಂದು ಆದಕೂಡ್ಲೆ 2 ಪರ್ಸೆಂಟ್ ಯೂರಿಯಾ ಹೊಡದ್ರ ಸಾರಜನಕ ಕಡಿಮಿ ಬಿದ್ದ ಹೊಲದಾಗ ಪ್ರೋಟೀನು ಸ್ವಲ್ಪ ಏರಬಹುದು, ಮೊದಲ ಬರೋಬ್ಬರಿ ಉಂಡ ಬೆಳಿಗೆ ಫರಕ್ ಕಾಣೂದು ಕಷ್ಟ. ಮತ್ತ ಒಂದ್ ಮಾತು, ಹಿಂಗ ಏರೂ ಪ್ರೋಟೀನಿನ್ಯಾಗ ಜಾಸ್ತಿ ಪಾಲು ಝೀನ್ (zein) ಅನ್ನೂ ಥರದ್ದು, ಅದರಾಗ ಮೈಗೆ ಬೇಕಾದ ಲೈಸಿನ್ ಟ್ರಿಪ್ಟೋಫ್ಯಾನ್ ಅನ್ನೂ ಅಮೈನೋ ಆಮ್ಲ ಇಲ್ಲಂದಂಗ. ಕೋಳಿ ಸಾಕೂವ್ರಿಗೆ, ಮಕ್ಕಳಿಗೆ ಉಣಿಸೂವ್ರಿಗೆ ಬೇಕಾದ್ದು ಆ ಲೈಸಿನ್ನ. ಅದು ಸ್ಪ್ರೇದಿಂದ ಬರೂದಿಲ್ಲ, ಬೀಜದಿಂದ ಬರತೈತಿ, ಎಚ್‌ಕ್ಯೂಪಿಎಂ ಅಂತ ಹೆಸರಿರೂ ತಳಿ ಅದಕ್ಕಂತನ ಮಾಡ್ಯಾರ, ಆ ಥರಾ ಗೋವಿನಜೋಳ ಬೆಳಸಿದ್ದಕ್ಕ ನಮ್ಮ ಸುರಿಂದರ್ ವಾಸಲ್ ಮತ್ತ ಮೆಕ್ಸಿಕೋದ ಎವಾಂಜೆಲಿನಾ ವಿಯೇಗಾಸ್ ಇಬ್ಬರಿಗೂ 2000ದಾಗ ವಿಶ್ವ ಆಹಾರ ಪ್ರಶಸ್ತಿ ಬಂತು.

ಜಿಂಕ್ ಕಥಿ ಬ್ಯಾರೆ. ಕಾಳು ಹಾಲು ತುಂಬೂ ಹೊತ್ನ್ಯಾಗ 0.5 ಪರ್ಸೆಂಟ್ ಜಿಂಕ್ ಹೊಡದ್ರ ಕಾಳಿನ ಜಿಂಕ್ ಏರತೈತಿ, ಆದ್ರ ಗೋಧಿಯೊಳಗ ಏರಿದಂಗ ಗೋವಿನಜೋಳದಾಗ ಏರೂದಿಲ್ಲ, ಎಲಿಯಿಂದ ತೆನಿಗೆ ಸಾಗೂದು ಕಡಿಮಿ. ಮತ್ತ ಇದಕ್ಕ ಪೇಟ್ಯಾಗ ಒಂದ್ ರೂಪಾಯಿ ಜಾಸ್ತಿ ಕೊಡೂವ್ರು ಯಾರೂ ಇಲ್ಲ, ಮನೀ ರೊಟ್ಟಿಗೆ, ಮನೀ ದನಕ್ಕ ಅಂತ ಬೆಳದವ್ರು ಮಾಡಬಹುದು.

ಪೊಟ್ಯಾಶ್ 0:0:50 ಹೊಡದ್ರ ಕಾಳು ಹೊಳೀತಾವ ದಪ್ಪಾಗತಾವ ಅಂತ ಭಾಳ ಹೇಳತಾರ. ಪೊಟ್ಯಾಶ್ ಕಡಿಮಿ ಇರೂ ಹಗರ ಮಸಾರಿ ನೆಲದಾಗ ಕಾಳಿನ ತೂಕಕ್ಕ ನೆರವಾಗಬಹುದು, ನಮ್ಮ ಎರಿ ನೆಲದಾಗ ಮೊದಲ ಪೊಟ್ಯಾಶ್ ಸಾಕಷ್ಟ ಇರತೈತಿ, ಅಲ್ಲೆ ನಾ ರೊಕ್ಕಾ ಹಾಕೂದಿಲ್ಲ.

ಪೇಟ್ಯಾಗ ನೋಡೂ ಗುಣ ಅಂದ್ರ ಎರಡ, ಪಸಿ ಎಷ್ಟೈತಿ ಮತ್ತ ಬೂಸಲು ಹಿಡದೈತೇನು. 14 ಪರ್ಸೆಂಟಿಗಿಂತ ಜಾಸ್ತಿ ಪಸಿ ಇದ್ರ ರೇಟ್ ಮುರೀತಾರ. ಕಾಳಿನ ಬುಡದಾಗ ಕರೀ ಚುಕ್ಕಿ ಮೂಡಿದ ಮ್ಯಾಲ ಕೊಯ್ದು, ತಾಡಪತ್ರಿ ಮ್ಯಾಲ ಒಣಗಿಸಿ ತುಂಬೂದು ಈ ಗುಣಕ್ಕ ಮಾಡೂವಷ್ಟನ್ನ ಯಾವ ಬಾಟ್ಲಿನೂ ಮಾಡೂದಿಲ್ಲ. ಕಡೇ ಹೊತ್ನ್ಯಾಗ ಯೂರಿಯಾ ಹೊಡದು ಹಸರ ಉಳಿಸಿದ್ರ ಒಣಗೂದು ತಡಾ ಆಗತೈತಿ, ಉಲ್ಟಾ ನಷ್ಟ.

ಪುಣೆ ಸುತ್ತ ಮಂಚರ ನಾರಾಯಣಗಾಂವ್ ಕಡೆ ಸ್ವೀಟ್ ಕಾರ್ನ್, ಬಾರಾಮತಿ ಇಂದಾಪುರ ಕಡೆ ಹೈನಿಗಂತ ಮುರಘಾಸ (ಸೈಲೇಜ್) ಬೆಳಿತಾರ, ಅವರಿಗೆ ಸಣ್ಣ ಮಾತು: ಹಸೀ ಮಾಲು ಕೊಯ್ಯೂ ಹಿಂದಿನ ಎರಡು ವಾರ ಏನೂ ಹೊಡೀಬ್ಯಾಡ್ರಿ, ದನಾ ಮಂದಿ ತಿನ್ನೂ ಎಲಿ ತೆನಿ ಅವು.

ಹೆಜ್ಜೆ 7: ಗೆರಿ ಬಿಡ್ರಿ, ತೂಕ ಹಾಕ್ರಿ

ಹೊಡದ ನಾಕ್ ದಿನಕ್ಕ ಹೊಲ ಕಪ್ಪಗ ಹಸರಾತು, ಗೊಬ್ಬರ ಕೆಲಸಾ ಮಾಡ್ತು ಅಂತ ಫೋಟೋ ಕಳಸ್ತಾರ. ಹಸರು ಆಗೂದು ಬ್ಯಾರೆ, ತೂಕ ಆಗೂದು ಬ್ಯಾರೆ. ಎರಡು ಸ್ಪ್ರೇಕ್ಕ ಮಾಲು ಕೂಲಿ ಕೂಡಿ ಎಕರೆಕ್ಕ 1000 ರೂಪಾಯಿ ಹೋತು ಅಂತ ಹಿಡೀರಿ. 2025–26ರ ಬೆಂಬಲ ಬೆಲಿ ಕ್ವಿಂಟಲಿಗೆ 2400, ಹಂಗಾದ್ರ ಖರ್ಚು ಹೊಂಡಲಿಕ್ಕ 42 ಕೆಜಿ ಕಾಳು ಜಾಸ್ತಿ ಬರಬೇಕು. 24 ಕ್ವಿಂಟಲ್ ಬೆಳಿಯೂ ಹೊಲದಾಗ 42 ಕೆಜಿ ಅಂದ್ರ ಎರಡು ಪರ್ಸೆಂಟೂ ಅಲ್ಲ, ಬದುವಿನ ಮ್ಯಾಲ ನಿಂತು ಕಣ್ಣೀಲೆ ಇದನ್ನ ಯಾರೂ ಹೇಳಲಿಕ್ಕ ಆಗೂದಿಲ್ಲ, ಎಂಥಾ ಅನುಭವಸ್ಥರಿದ್ರೂ.

ಅದಕ್ಕ ಎಂಟು ಸಾಲು ಹೊಡೀರಿ, ಎಂಟು ಸಾಲು ಬಿಡ್ರಿ, ಹಿಂಗ ಹೊಲದ ಮೂರು ಕಡೆ. ಬಿಟ್ಟ ಸಾಲಿನ ತುದಿಗೆ ಅರಿವಿ ಕಟ್ಟಿದ ಕೋಲು ನಡ್ರಿ, ಕೂಲಿಯವ್ರಿಗೆ ಎರಡು ಸಲ ಹೇಳ್ರಿ, ಇಲ್ಲಾಂದ್ರ ಪಾಪ ಉಳೀತಲ್ಲ ಅಂತ ಅದಕ್ಕೂ ಹೊಡದುಬಿಡತಾರ. ಕೊಯ್ಲಿನ್ಯಾಗ ಪ್ರತಿ ಎಂಟು ಸಾಲಿನ ನಡುವಿನ ಒಂದ್ ಸಾಲಿನ್ಯಾಗ ಟೇಪ್ ಹಿಡದು ಅಳತಿ ಮಾಡ್ರಿ, ಸಾಲಿಂದ ಸಾಲಿಗೆ ಎರಡಡಿ (60 ಸೆಂಟಿಮೀಟರ್) ಇದ್ರ 6 ಮೀಟರ್ 75 ಸೆಂಟಿಮೀಟರ್ ಉದ್ದ ಅಂದ್ರ ಎಕರೆದಾಗಿನ ಸಾವಿರದಾಗ ಒಂದ್ ಪಾಲು. ಅಷ್ಟರಾಗಿನ ತೆನಿ ಎಲ್ಲಾ ಮುರದು, ಕಾಳು ಬಿಡಿಸಿ ತೂಕ ಹಾಕಿ ಸಾವಿರ ಪಟ್ಟು ಮಾಡ್ರಿ. ಪಸಿ ಸರಿಗಟ್ಟೂದು ಮರೀಬ್ಯಾಡ್ರಿ: ನೂರರಾಗ ಪಸಿ ಕಳದು, ಬಂದದ್ದನ್ನ 86ರಿಂದ ಭಾಗಿಸಿ, ತೂಕಕ್ಕ ಗುಣಿಸೂದು. ಉದಾಹರಣಿಗೆ 2.6 ಕೆಜಿ ಕಾಳು, ಪಸಿ 22 ಇದ್ರ ಎಕರೆಕ್ಕ 26 ಕ್ವಿಂಟಲ್ ಅಲ್ಲ, 23.6 ಕ್ವಿಂಟಲ್. ಸ್ಪ್ರೇ ಹೊಡದ ಗೆರಿ ತಡಾ ಒಣಗಿರತೈತಿ, ಪಸೀನ ತೂಕ ಅಂತ ತಿಳದು ಮೋಸ ಹೋಗತೀವಿ.

ನಾ ಹೋದ ವರ್ಷ ಶಿರೂರ ಹೊಲದಾಗ ಹಿಂಗ ಗೆರಿ ಬಿಟ್ಟಿದ್ದೆ. 19:19:19 ಹೊಡದ ಗೆರಿಗೂ ಬಿಟ್ಟ ಗೆರಿಗೂ ತಕ್ಕಡಿ ಏನೂ ಫರಕ್ ತೋರಿಸಲಿಲ್ಲ. ಬಾವಿ ಕಡೆ ಬಿಳೀ ಹರಳಿನ ಮೂಲಿ ಒಂದೈತಿ, ಅರ್ಧ ಎಕರೆ ಆಗಬಹುದು, ಅಲ್ಲೆ ಜಿಂಕ್ ಹೊಡದ ಗೆರಿ ಮೂರೂ ಕಡೆ ತೂಕ ಜಾಸ್ತಿ ಬಂತು, ತೆನಿ ತುದೀತನಾ ಕಾಳು ತುಂಬಿದ್ದು. ಈ ವರ್ಷ ಆ ಮೂಲಿಗೆ ಅಷ್ಟ ಜಿಂಕ್ ಸಲ್ಫೇಟ್ ತಂದೇನಿ, ಉಳದ ರೊಕ್ಕದಾಗ ಒಂದ್ ಟ್ರಾಲಿ ತಿಪ್ಪಿಗೊಬ್ಬರ ಬಂತು, ಅದನ್ನ ಹಾಕಲಿಕ್ಕ ಹೋದಾಗ ಟ್ರ್ಯಾಕ್ಟರ್ ಕೆಸರಾಗ ಹುಗದು ಅರ್ಧ ದಿವಸ ಅಲ್ಲೇ ನಿಂತೆ.